ಪುಲ್ಲಿ ಬೋಲ್ಟ್ ಬಿಚ್ಚೋಕೆ ಉದ್ದ ರಾಡಾ, ಇಂಪ್ಯಾಕ್ಟ್ ಗನ್ನಾ?

ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಟೈಮಿಂಗ್ ಬೆಲ್ಟ್ ಬದಲಿಸೋಕೆ, ಇಲ್ಲವೇ ಮುಂದಿನ ಆಯಿಲ್ ಸೀಲ್ ಹಾಕೋಕೆ ಹೊರಟವರೆಲ್ಲ ಸಿಕ್ಕಿಹಾಕಿಕೊಳ್ಳುವುದು ಒಂದೇ ಕಡೆ. ಬೆಲ್ಟ್ ಬಿಚ್ಚಿದ್ದಾಯ್ತು, ಕವರ್ ಬೋಲ್ಟುಗಳು ಬಂದವು. ಎಂಜಿನ್ನಿನ ತಿರುಗುವ ದಂಡದ, ಅಂದ್ರೆ ಕ್ರ್ಯಾಂಕಿನ, ತುದಿಗೆ ಕೂತು ಬೆಲ್ಟ್ ಓಡಿಸುವ ಗಾಲಿಯೇ ಕ್ರ್ಯಾಂಕ್ ಪುಲ್ಲಿ. ಅದರ ನಡುವಿನ ಆ ಒಂದು ಬೋಲ್ಟು ಮಾತ್ರ ಅಲ್ಲಾಡುವುದಿಲ್ಲ. ಆಮೇಲೆ ಶುರುವಾಗುತ್ತದೆ ಪ್ರಶ್ನೆ: ಇನ್ನೂ ಉದ್ದದ ರಾಡು ತರಬೇಕಾ? ಏಟಿನ ಮೇಲೆ ಏಟು ಕೊಟ್ಟು ಬೋಲ್ಟು ತಿರುಗಿಸುವ ಬ್ಯಾಟರಿ ಇಂಪ್ಯಾಕ್ಟ್ ಗನ್ ಕೊಳ್ಳಬೇಕಾ? ಆಯಿಲ್ ಬಿಟ್ಟು ರಾತ್ರಿಯೆಲ್ಲ ಕಾಯಬೇಕಾ? ಸುಮ್ನೆ ಗ್ಯಾರೇಜಿಗೆ ಕೊಟ್ಟುಬಿಡೋದು ವಾಸಿನಾ?

ಯಾವುದು ಒಳ್ಳೆಯದು ಅನ್ನೋದು ನಿಮ್ಮ ಗಾಡಿ ಮೇಲೆ, ನಿಮ್ಮ ಜಾಗದ ಮೇಲೆ, ಈ ಕೆಲಸ ಎಷ್ಟು ಸಲ ಮಾಡುತ್ತೀರಿ ಅನ್ನೋದರ ಮೇಲೆ ನಿಂತಿದೆ. ಆದರೆ ಒಂದು ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಬಹಳ ಜನ ತಿರುಗಿಸುವ ಟೂಲಿಗೆ ದುಡ್ಡು ಹಾಕುತ್ತಾರೆ, ಕ್ರ್ಯಾಂಕನ್ನು ಅಲ್ಲಾಡದ ಹಾಗೆ ಹಿಡಿಯುವುದಕ್ಕೆ ಏನೂ ಯೋಚನೆ ಮಾಡುವುದಿಲ್ಲ. ನೂರಕ್ಕೆ ತೊಂಬತ್ತು ಜಗಳ ಅಲ್ಲೇ ಇರುವುದು.

ಮೊದಲು ಏನು ನೋಡಬೇಕು

ಟೂಲ್ ಆರಿಸುವ ಮೊದಲು ನಾಲ್ಕು ವಿಷಯ ನೋಡಿಕೊಳ್ಳಿ. ಒಂದು, ಎಂಜಿನ್ ತಿರುಗದ ಹಾಗೆ ಹಿಡಿಯೋಕೆ ನಿಮ್ಮ ಗಾಡಿಯಲ್ಲಿ ಏನು ದಾರಿ ಇದೆ. ಎರಡು, ಪುಲ್ಲಿಗೂ ಬಾಡಿಗೂ ನಡುವೆ ಎಷ್ಟು ಜಾಗ ಇದೆ. ಮೂರು, ಪ್ರಯತ್ನ ಕೈಕೊಟ್ಟರೆ ಏನು ಮುರಿಯುತ್ತದೆ, ಅದರ ಬೆಲೆ ಎಷ್ಟು. ನಾಲ್ಕನೆಯದು ಎಲ್ಲರೂ ಮರೆಯುವಂಥದ್ದು: ಬಿಚ್ಚಿದ ಬೋಲ್ಟನ್ನು ಮತ್ತೆ ಸರಿಯಾದ ಟಾರ್ಕಿಗೆ, ಅಂದ್ರೆ ಸರಿಯಾದ ತಿರುಚುವ ಬಲಕ್ಕೆ, ಬಿಗಿಯೋಕೆ ನಿಮ್ಮ ಹತ್ತಿರ ಏನಿದೆ. ಬಿಗಿಯೋಕೆ ದಾರಿ ಇಲ್ಲದಿದ್ದರೆ ಬಿಚ್ಚಲೇಬೇಡಿ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಈ ಬೋಲ್ಟು ಇಷ್ಟು ಟೈಟ್ ಯಾಕೆ ಅಂತ ಗೊತ್ತಿದ್ದರೆ ಆಯ್ಕೆ ಸುಲಭ. ಪುಲ್ಲಿಯೊಳಗೆ ಇರುವ ಚಿಕ್ಕ ಕೀ (ಲೋಹದ ತುಂಡು) ಅದನ್ನು ಸರಿಯಾದ ಜಾಗದಲ್ಲಿ ಕೂರಿಸುವುದಕ್ಕೆ ಅಷ್ಟೇ. ಹೊರೆ ಹೊರುವುದು ಬೋಲ್ಟಿನ ಬಿಗಿತ. ಅದಕ್ಕೇ ಕಂಪನಿಯಲ್ಲೇ ಇದನ್ನು ಬೇರೆ ಬೋಲ್ಟುಗಳಿಗಿಂತ ತುಂಬಾ ಜಾಸ್ತಿ ಬಿಗಿಯುತ್ತಾರೆ. ಚಿಕ್ಕ ಎಂಜಿನ್ನುಗಳಲ್ಲಿ ನೂರು ನ್ಯೂಟನ್ ಮೀಟರ್ (ಟಾರ್ಕಿನ ಅಳತೆ) ಆಸುಪಾಸು ಇದ್ದರೆ, ಕೆಲವು ಎಂಜಿನ್ನುಗಳಲ್ಲಿ ಇನ್ನೂರು ದಾಟುತ್ತದೆ. ಹೋಂಡಾದ ಕೆಲವು ಹಳೆಯ ಎಂಜಿನ್ನುಗಳಿಗೆ 245 ನ್ಯೂಟನ್ ಮೀಟರ್. ಕೆಲವದರಲ್ಲಿ ಒಂದು ಹದಕ್ಕೆ ಬಿಗಿದು, ಆಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಬೇಕು. ವರ್ಷಗಟ್ಟಲೆ ಕಾದು, ತಣಿದು, ಮಳೆನೀರು ಕುಡಿದ ಮೇಲೆ ಬಿಚ್ಚೋಕೆ ಬೇಕಾದ ಬಲ ಬಿಗಿದ ಬಲಕ್ಕಿಂತಲೂ ಜಾಸ್ತಿ ಆಗಿರುತ್ತದೆ. ಮಂಡ್ಯ ಕಡೆ ಗದ್ದೆ ಬದಿಯ ರಸ್ತೆಯಲ್ಲಿ, ನಾಲೆ ಏರಿ ಮೇಲೆ ಓಡಾಡುವ ಗಾಡಿಗಳಲ್ಲಿ ಪುಲ್ಲಿಯ ಮುಖಕ್ಕೆ ಕೆಸರು ಮೆತ್ತಿಕೊಂಡು ವಾಷರ್ ಸುತ್ತ ತುಕ್ಕು ಕಟ್ಟಿರುತ್ತದೆ.

ಇನ್ನೊಂದು ವಿಷಯ ರಾಡ್ ಹಾಕುವ ಮೊದಲೇ ನೋಡಿ. ಹೆಚ್ಚಿನ ಎಂಜಿನ್ನುಗಳಲ್ಲಿ ಎದುರು ನಿಂತು ನೋಡಿದರೆ ಎಡಕ್ಕೆ ತಿರುಗಿಸಿದಾಗ ಲೂಸ್ ಆಗುತ್ತದೆ. ಆದರೆ ಉಲ್ಟಾ ಥ್ರೆಡ್ ಇರುವ ಎಂಜಿನ್ನುಗಳೂ ಇವೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಥ್ರೆಡ್ಡಿನ ದಿಕ್ಕು, ಟಾರ್ಕು, ಬೋಲ್ಟು ಹೊಸದು ಹಾಕಬೇಕೋ ಬೇಡವೋ, ಈ ಮೂರನ್ನೂ ಬರೆದುಕೊಂಡೇ ಕೆಲಸ ಶುರು ಮಾಡಿ.

ಹಿಡಿಯುವ ದಾರಿಗಳು

ಎಲ್ಲರಿಗೂ ಮೊದಲು ಹೊಳೆಯುವುದು ಗೇರ್ ಹಾಕಿ ಬ್ರೇಕ್ ಒತ್ತುವುದು. ಖರ್ಚಿಲ್ಲ, ಇನ್ನೊಬ್ಬರು ಕಾರಿನಲ್ಲಿ ಕೂತರೆ ಸಾಕು. ಆದರೆ ಇದರಲ್ಲಿ ಎರಡು ತೊಡಕಿವೆ. ನಮ್ಮ ಚಿಕ್ಕ ಕಾರುಗಳಲ್ಲಿ ಬಹುತೇಕ ಎಲ್ಲವೂ ಮುಂದಿನ ಚಕ್ರದಿಂದ ಓಡುವಂಥವು, ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು. ಹಾಗಾಗಿ ಹ್ಯಾಂಡ್‌ಬ್ರೇಕ್ ಎಳೆದು ಪ್ರಯೋಜನ ಇಲ್ಲ, ಕಾಲಿನ ಬ್ರೇಕೇ ಬೇಕು. ಚಕ್ರ ಬಿಚ್ಚಿದ್ದರೆ ಎರಡು ವ್ಹೀಲ್ ನಟ್ಟು ಹಾಕಿ ಡಿಸ್ಕನ್ನು ಹಬ್ಬಿಗೆ ಬಿಗಿದಿಡಿ. ಗೇರ್ ಮೇಲಿನದ್ದೇ ಇರಲಿ, ನಾಲ್ಕು ಅಥವಾ ಐದು. ಒಂದನೇ ಗೇರಿನಲ್ಲಿ ಬಲ ಹಲವು ಪಟ್ಟಾಗಿ ಚಕ್ರಕ್ಕೆ ಹೋಗುತ್ತದೆ, ಬ್ರೇಕಿಗೆ ಹಿಡಿಯೋಕೆ ಕಷ್ಟ.

ಎರಡನೇ ತೊಡಕು ಕ್ಲಚ್. 1.2 ಲೀಟರ್ ಪೆಟ್ರೋಲ್ ಸ್ವಿಫ್ಟ್‌ನಂಥ ಕಾರಿನ ಎಂಜಿನ್ ಕೊಡುವ ಟಾರ್ಕು 115 ನ್ಯೂಟನ್ ಮೀಟರ್ ಆಸುಪಾಸು. ಕ್ಲಚ್ಚನ್ನು ಅದಕ್ಕೆ ತಕ್ಕ ಹಾಗೆ, ಸ್ವಲ್ಪ ಹೆಚ್ಚಿಗೆ ಇಟ್ಟು ಮಾಡಿರುತ್ತಾರೆ. ನೀವು ಉದ್ದ ಪೈಪ್ ಹಾಕಿ ಮುನ್ನೂರು ನ್ಯೂಟನ್ ಮೀಟರ್ ಕೊಟ್ಟರೆ ಬೋಲ್ಟಿಗಿಂತ ಮೊದಲು ಕ್ಲಚ್ ಜಾರಬಹುದು. ಅಂದ್ರೆ ಸಾಧಾರಣ ಟೈಟ್ ಇರುವ ಬೋಲ್ಟಿಗೆ ಈ ದಾರಿ ಸಾಕು, ಹಟ ಹಿಡಿದ ಬೋಲ್ಟಿಗೆ ಸಾಲದು. ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಕಾರಿಗಂತೂ ಈ ದಾರಿಯೇ ಇಲ್ಲ. ಅಲ್ಲಿ ಎಂಜಿನ್ನಿಗೂ ಚಕ್ರಕ್ಕೂ ಗಟ್ಟಿ ಕೊಂಡಿ ಇರುವುದಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸುವುದು ಪುಲ್ಲಿಯನ್ನೇ ಹಿಡಿಯುವ ಹೋಲ್ಡರ್. ಹೋಂಡಾದ ಹಲವು ಕಾರುಗಳಲ್ಲಿ ಪುಲ್ಲಿಯ ನಡುವೆ 50 ಎಂಎಂ ಆರು ಮೂಲೆಯ ಗುಂಡಿ ಇರುತ್ತದೆ. ಅದಕ್ಕೆ ಕೂರುವ ಹೋಲ್ಡರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ನಡುವೆ ತೂತು ಇರುವುದರಿಂದ ಬೋಲ್ಟಿನ ತಲೆಗೆ ಕೂರುವ ಸಾಕೆಟ್ ಒಳಗಿಂದ ಹೋಗುತ್ತದೆ. ಬೇರೆ ಹಲವು ಪುಲ್ಲಿಗಳಲ್ಲಿ ಪುಲ್ಲಿಯನ್ನು ಎಳೆದು ತೆಗೆಯುವ ಪುಲ್ಲರ್ ಹಾಕೋಕೆ ಅಂತ ಥ್ರೆಡ್ ಇರುವ ಎರಡು ಮೂರು ತೂತು ಇರುತ್ತವೆ. ಅಂಥದ್ದಕ್ಕೆ ಹೋಲ್ಡರನ್ನು ಇಲ್ಲೇ ಮಾಡಿಸಬಹುದು. ಮೂರು ಅಡಿ ಉದ್ದದ ದಪ್ಪ ಕಬ್ಬಿಣದ ಪಟ್ಟಿ, ಹತ್ತು ಎಂಎಂ ದಪ್ಪ ಇದ್ದರೆ ವಾಸಿ. ಒಂದು ತುದಿಯಲ್ಲಿ ಸಾಕೆಟ್ ತೂರುವಷ್ಟು ದೊಡ್ಡ ತೂತು, ಅದರ ಎರಡು ಬದಿಗೆ ಪುಲ್ಲಿಯ ತೂತಿನ ಅಳತೆಗೆ ಎರಡು ಚಿಕ್ಕ ತೂತು. ಕಬ್ಬು ಸಾಗಿಸುವ ಟ್ರೇಲರ್ ರಿಪೇರಿ ಮಾಡುವ ವೆಲ್ಡಿಂಗ್ ಶಾಪುಗಳು ಮಂಡ್ಯ ಸುತ್ತ ಬೇಕಾದಷ್ಟಿವೆ. ಮೈಸೂರಲ್ಲಾದರೆ ಹೆಬ್ಬಾಳ, ಮೇಟಗಳ್ಳಿ ಇಂಡಸ್ಟ್ರಿಯಲ್ ಏರಿಯಾ ಕಡೆ ಹೋಗಿ ಕೇಳಿ. ರಟ್ಟಿನ ಮೇಲೆ ಪುಲ್ಲಿಯ ತೂತುಗಳನ್ನು ಒತ್ತಿ ಅಚ್ಚು ತೆಗೆದುಕೊಂಡು ಹೋದರೆ ಅಳತೆ ತಪ್ಪುವುದಿಲ್ಲ.

ಪಟ್ಟಿ ಹಿಡಿಸುವ ಬೋಲ್ಟುಗಳು ಹೈ ಟೆನ್ಸೈಲ್ ಇರಲಿ, ತಲೆ ಮೇಲೆ 8.8 ಅಂತ ಬರೆದಿರುವಂಥವು. ಅವು ಥ್ರೆಡ್ಡಿನೊಳಗೆ ಪೂರ್ತಿ ಕೂರಬೇಕು. ಆದರೆ ಹಿಂದಿನಿಂದ ಹೊರಗೆ ಬಂದು ಟೈಮಿಂಗ್ ಕವರಿಗೆ ಚುಚ್ಚಬಾರದು. ಉದ್ದ ಅಳೆದೇ ಹಾಕಿ.

ಹೋಲ್ಡರ್ ಎಲ್ಲಿ ಆನಿಸಬೇಕು ಅನ್ನುವುದೂ ಮುಖ್ಯ. ಮಾಮೂಲಿ ಥ್ರೆಡ್ ಇದ್ದು ಪುಲ್ಲಿಗೆ ಮುಖ ಮಾಡಿ ಕೂತರೆ ಬೋಲ್ಟು ಎಡಕ್ಕೆ ತಿರುಗಬೇಕು, ಹೋಲ್ಡರ್ ಕೂಡ ಆ ಕಡೆಗೇ ಓಡಲು ನೋಡುತ್ತದೆ. ಹಾಗಾಗಿ ಅದರ ಉದ್ದದ ತುದಿ ನಿಮ್ಮ ಎಡಗಡೆ ಇರಲಿ, ನೆಲದ ಮೇಲೆ ಮರದ ಹಲಗೆಗೆ ಆನಲಿ. ರಾಡನ್ನೂ ಎಡಗಡೆಗೇ ಇಟ್ಟು ಕೆಳಕ್ಕೆ ಒತ್ತಿ. ಬಲಗಡೆ ಇಟ್ಟು ಮೇಲಕ್ಕೆ ಎಳೆದರೂ ಬೋಲ್ಟು ಬಿಚ್ಚುತ್ತದೆ, ಆದರೆ ನಿಮ್ಮ ಬಲವೂ ಹೋಲ್ಡರಿನ ಬಲವೂ ಸೇರಿ ಕಾರನ್ನೇ ಜಾಕ್ ಸ್ಟ್ಯಾಂಡಿನಿಂದ ಎತ್ತುವ ಹಾಗಾಗುತ್ತದೆ.

ಚೈನ್ ಪಾನಾ, ಸ್ಟ್ರ್ಯಾಪ್ ಪಾನಾ ಹಾಕಿ ಪುಲ್ಲಿಯ ಹೊರಗಿನ ಅಂಚನ್ನು ಹಿಡಿಯುವವರೂ ಇದ್ದಾರೆ. ಹುಷಾರು. ಎಷ್ಟೋ ಕಾರುಗಳ ಪುಲ್ಲಿ ಒಂದೇ ತುಂಡಲ್ಲ. ಒಳಗಿನ ಹಬ್ಬು, ಹೊರಗಿನ ಬಳೆ, ನಡುವೆ ನಡುಕ ಹೀರುವ ರಬ್ಬರ್. ಹೊರಗಿನ ಬಳೆ ಹಿಡಿದು ನಡುವಿನ ಬೋಲ್ಟಿಗೆ ಬಲ ಕೊಟ್ಟರೆ ಆ ರಬ್ಬರ್ ಬಿಟ್ಟುಕೊಳ್ಳುತ್ತದೆ. ಆಮೇಲೆ ಹೊಸ ಪುಲ್ಲಿಯೇ ಗತಿ.

ಕ್ರ್ಯಾಂಕಿನ ಇನ್ನೊಂದು ತುದಿಯ ಭಾರದ ಚಕ್ರ, ಅಂದ್ರೆ ಫ್ಲೈವ್ಹೀಲಿನ ಹಲ್ಲಿಗೆ ಸ್ಕ್ರೂಡ್ರೈವರ್ ಸಿಕ್ಕಿಸುವುದು ಇನ್ನೂ ಕೆಟ್ಟ ದಾರಿ. ಹಲ್ಲು ಮುರಿದರೆ ಗೇರ್‌ಬಾಕ್ಸ್ ಇಳಿಸಬೇಕು, ಅಲ್ಯೂಮಿನಿಯಂ ಹೌಸಿಂಗ್ ಸೀಳಲೂಬಹುದು. ನಿಮ್ಮ ಎಂಜಿನ್ನಿಗೆ ಅಂತಲೇ ಮಾಡಿದ ಫ್ಲೈವ್ಹೀಲ್ ಲಾಕ್ ಸಿಕ್ಕರೆ ಮಾತು ಬೇರೆ, ಅದು ಒಳ್ಳೆಯದೇ. ಟೈಮಿಂಗ್ ಲಾಕ್ ಪಿನ್ನನ್ನು ಮಾತ್ರ ಈ ಕೆಲಸಕ್ಕೆ ಬಳಸಬೇಡಿ. ಅದು ಇರುವುದು ಟೈಮಿಂಗ್ ತೋರಿಸೋಕೆ, ಬಲ ತಡೆಯೋಕೆ ಅಲ್ಲ.

ಪೆಟ್ರೋಲ್ ಎಂಜಿನ್ನಿಗೆ ಹಗ್ಗದ ಉಪಾಯವೂ ಇದೆ. ಪ್ಲಗ್ ತೂತಿನಿಂದ ನೈಲಾನ್ ಹಗ್ಗ ಒಳಗೆ ತುರುಕಿ ಪಿಸ್ಟನ್ ಮೇಲೆ ಬರದ ಹಾಗೆ ತಡೆಯುವುದು. ವಾಲ್ವ್ ಎರಡೂ ಮುಚ್ಚಿರುವ ಸ್ಟ್ರೋಕಿನಲ್ಲೇ ಮಾಡಬೇಕು. ತೆರೆದ ವಾಲ್ವಿಗೆ ಹಗ್ಗ ಒತ್ತಿದರೆ ಅದು ಬಗ್ಗುತ್ತದೆ. ಎಂಜಿನ್ ಒಳಗು ಚೆನ್ನಾಗಿ ಬಲ್ಲವರಿಗೆ ಮಾತ್ರ ಇದು.

ಉದ್ದ ರಾಡು ಮತ್ತು ಪೈಪು

ಬ್ರೇಕರ್ ಬಾರ್ ಅಂದ್ರೆ ರ‍್ಯಾಚೆಟ್ ಇಲ್ಲದ, ತಲೆ ಮಾತ್ರ ಬಗ್ಗುವ ಉದ್ದ ರಾಡು. ಲೆಕ್ಕ ಸುಲಭ. ಎರಡು ಅಡಿ ರಾಡಿನ ತುದಿಗೆ ನಲವತ್ತು ಕೆಜಿ ಬಲ ಹಾಕಿದರೆ ಸುಮಾರು 235 ನ್ಯೂಟನ್ ಮೀಟರ್. ಅದಕ್ಕೆ ಜಿಐ ಪೈಪ್ ತೊಡಿಸಿ ನಾಲ್ಕು ಅಡಿ ಮಾಡಿದರೆ ಅದೇ ಬಲಕ್ಕೆ 470. ಮನೆಯಲ್ಲಿ ಮಾಡುವ ಕೆಲಸಕ್ಕೆ ಇಷ್ಟು ಸಾಕು. ಅರ್ಧ ಇಂಚಿನ ಡ್ರೈವ್ (ಸಾಕೆಟ್ ಕೂರುವ ಚೌಕ ತುದಿ) ಇರುವ, ಹೆಸರಿರುವ ಕಂಪನಿಯ ರಾಡು ತಗೊಳ್ಳಿ. ತಪಾರಿಯಾದಂಥದ್ದು ಊರಿನ ಒಳ್ಳೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಟ್ರಾಕ್ಟರ್ ಎಂಜಿನ್ನಿಗೆ ಕೈ ಹಾಕುವವರು ಮುಕ್ಕಾಲು ಇಂಚಿನ ಡ್ರೈವ್‌ಗೇ ಹೋಗಿ. ಅರ್ಧ ಇಂಚಿನ ತುದಿ ಅಲ್ಲಿ ಮುರಿಯುತ್ತದೆ.

ಸಾಕೆಟ್ ಆರು ಮೂಲೆಯದ್ದೇ ಇರಬೇಕು. ಹನ್ನೆರಡು ಮೂಲೆಯದು ಬೋಲ್ಟಿನ ತಲೆ ಉಜ್ಜಿ ಹಾಕುತ್ತದೆ. ಇದರಲ್ಲಿ ಕಾಸು ಉಳಿಸಲು ಹೋಗಬೇಡಿ. ರಾಡು ಕಡಿಮೆ ಬೆಲೆಯದಾದರೂ ನಡೆದೀತು, ಸಾಕೆಟ್ ಕಳಪೆಯಾದರೆ ಇಡೀ ಕೆಲಸ ಕೆಡುತ್ತದೆ.

ರಾಡಿನ ಗುಣ ಏನೆಂದರೆ ಬಲ ಎಷ್ಟು ಹೋಗುತ್ತಿದೆ ಅಂತ ಕೈಗೆ ಗೊತ್ತಾಗುತ್ತದೆ. ಕರೆಂಟ್ ಬೇಡ, ಬ್ಯಾಟರಿ ಬೇಡ. ದೋಷ ಏನೆಂದರೆ ಹೋಲ್ಡರ್ ಇಲ್ಲದೆ ಇದು ಕೆಲಸ ಮಾಡುವುದಿಲ್ಲ. ಫೆಂಡರ್ ದಾಟಿ ಹೊರಗೆ ಬರೋಕೆ ಸಾಕೆಟ್ಟಿಗೂ ರಾಡಿಗೂ ನಡುವೆ ಕೂರುವ ಉದ್ದನೆಯ ಎಕ್ಸ್‌ಟೆನ್ಶನ್ ಬೇಕಾಗುತ್ತದೆ, ಅದರ ಹೊರ ತುದಿಗೆ ಕೆಳಗಿನಿಂದ ಇನ್ನೊಂದು ಸ್ಟ್ಯಾಂಡ್ ಆಸರೆ ಕೊಡಿ. ಇಲ್ಲದಿದ್ದರೆ ಸಾಕೆಟ್ ಓರೆಯಾಗಿ ಜಾರುತ್ತದೆ.

ಶುರು ಮಾಡುವ ಮೊದಲು ಬಿಳಿ ಪೆಯಿಂಟ್ ಪೆನ್ನಿನಿಂದ ಬೋಲ್ಟಿನ ತಲೆ, ವಾಷರ್, ಪುಲ್ಲಿ ಮೂರರ ಮೇಲೂ ಹಾಯುವ ಹಾಗೆ ಒಂದು ಗೆರೆ ಎಳೆಯಿರಿ. ರಾಡು ಅರ್ಧ ಅಡಿ ಕೆಳಗೆ ಹೋದಾಗ ಬೋಲ್ಟು ಬಂತು ಅನಿಸುತ್ತದೆ. ಸಾಕೆಟ್ ತೆಗೆದು ನೋಡಿದರೆ ಗೆರೆ ನೆಟ್ಟಗೇ ಇರುತ್ತದೆ. ತಿರುಚಿದ್ದು ಎಕ್ಸ್‌ಟೆನ್ಶನ್ನು, ಇಲ್ಲವೇ ಗೆರೆ ಸಮೇತ ಇಡೀ ಕ್ರ್ಯಾಂಕೇ ಸ್ವಲ್ಪ ತಿರುಗಿದ್ದು. ಬೋಲ್ಟು ನಿಜಕ್ಕೂ ಬಿಟ್ಟುಕೊಂಡಾಗ 'ಟಕ್' ಅಂತ ಒಂದು ಸದ್ದು ಬರುತ್ತದೆ, ವಾಷರ್ ಅಂಚಿನಿಂದ ಕೆಂಪು ತುಕ್ಕಿನ ಪುಡಿ ಉದುರುತ್ತದೆ, ಗೆರೆ ಎರಡು ತುಂಡಾಗುತ್ತದೆ. ಆ ಸದ್ದು ಬರುವ ಹೊತ್ತಿಗೆ ನಿಮ್ಮ ಮೈಭಾರವೆಲ್ಲ ರಾಡಿನ ಮೇಲೆ ಇರಬಾರದು. ಕೈ ಎಲ್ಲಿಗೆ ಹೋಗಿ ಬಡಿಯುತ್ತದೆ ಅಂತ ಮೊದಲೇ ನೋಡಿಕೊಂಡಿರಿ.

ಇಂಪ್ಯಾಕ್ಟ್ ಗನ್ನುಗಳು

ಕೊಡಲಿಯನ್ನು ಸೌದೆ ಮೇಲಿಟ್ಟು ಎಷ್ಟು ಒತ್ತಿದರೂ ಸೀಳುವುದಿಲ್ಲ, ಬೀಸಿ ಹೊಡೆದರೆ ಸೀಳುತ್ತದೆ, ಅಲ್ವಾ? ಗನ್ನಿನ ಕೆಲಸವೂ ಹಾಗೇ. ಒಂದೊಂದು ಏಟೂ ಕ್ಷಣಮಾತ್ರದ್ದು. ಕ್ರ್ಯಾಂಕು, ಫ್ಲೈವ್ಹೀಲು ಭಾರ ಇರುವುದರಿಂದ ಅಷ್ಟರೊಳಗೆ ಅವು ತಿರುಗುವುದಿಲ್ಲ, ಬೋಲ್ಟು ತಿರುಗುತ್ತದೆ. ಅದಕ್ಕೇ ಎಷ್ಟೋ ಸಲ ಹೋಲ್ಡರ್ ಇಲ್ಲದೆಯೂ ಬೋಲ್ಟು ಬಂದುಬಿಡುತ್ತದೆ. ಒಬ್ಬರೇ ಕೆಲಸ ಮಾಡುವವರಿಗೆ, ಆಟೋಮ್ಯಾಟಿಕ್ ಕಾರಿನವರಿಗೆ ಇದು ದೊಡ್ಡ ಅನುಕೂಲ.

ತೊಂದರೆ ಇರುವುದು ಜಾಗದಲ್ಲಿ. ಎಂಜಿನ್ ಅಡ್ಡಲಾಗಿ ಕೂತ ಕಾರಿನಲ್ಲಿ ಪುಲ್ಲಿಗೂ ಒಳಗಿನ ಬಾಡಿಗೂ ನಡುವೆ ಒಂದು ಗೇಣೂ ಇರುವುದಿಲ್ಲ. ಗನ್ ನೇರ ಹಿಡಿಯೋಕೆ ಆಗದೆ ಎಕ್ಸ್‌ಟೆನ್ಶನ್ ಹಾಕಿದರೆ ಏಟಿನ ಬಲದಲ್ಲಿ ಒಂದಷ್ಟು ಆ ಎಕ್ಸ್‌ಟೆನ್ಶನ್ ತಿರುಚುವುದಕ್ಕೇ ಹೋಗುತ್ತದೆ. ಉದ್ದ ಜಾಸ್ತಿಯಾದಷ್ಟೂ ನಷ್ಟ ಜಾಸ್ತಿ. ದಪ್ಪ, ಗಿಡ್ಡ ಎಕ್ಸ್‌ಟೆನ್ಶನ್ ವಾಸಿ. ಸಾಕೆಟ್ ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಆಗಬೇಕು. ಹೊಳೆಯುವ ಕ್ರೋಮ್ ಸಾಕೆಟ್ ಗನ್ನಿಗೆ ಹಾಕಿದರೆ ಒಡೆದು ಚೂರು ಹಾರಬಹುದು. ಕನ್ನಡಕ ಹಾಕಿಕೊಳ್ಳಿ.

ಗನ್ನುಗಳಲ್ಲಿ ಯಾವುದು? ವೈರ್ ಇರುವ ಕರೆಂಟಿನ ಗನ್ ಬ್ಯಾಟರಿಯದಕ್ಕಿಂತ ಕಡಿಮೆ ದುಡ್ಡಿಗೆ ಒಳ್ಳೆ ಬಲ ಕೊಡುತ್ತದೆ. ಮನೆಯ ಸಿಂಗಲ್ ಫೇಸ್ ಪ್ಲಗ್ಗಿಗೆ ಓಡುತ್ತದೆ. ಆದರೆ ಅದು ಭಾರ, ಉದ್ದ. ಹಳ್ಳಿ ಕಡೆ ಸಂಜೆ ವೋಲ್ಟೇಜ್ ಬಿದ್ದಾಗ ಏಟು ಸಪ್ಪೆಯಾಗುತ್ತದೆ. ತೆಳು ವೈರಿನ ಉದ್ದ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಓಡಿಸಿದರೂ ಅದೇ ಕಥೆ. ಬ್ಯಾಟರಿ ಗನ್ ಚಿಕ್ಕದು, ಇಕ್ಕಟ್ಟಿಗೆ ಹೋಗುತ್ತದೆ, ತೋಟದ ಮನೆಯಲ್ಲೂ ನಡೆಯುತ್ತದೆ. ಬಾಷ್, ಮಕಿಟಾ, ಡಿವಾಲ್ಟ್ ತರದ ಕಂಪನಿಗಳ ದೊಡ್ಡ ಗನ್ನಿಗೆ ಬ್ಯಾಟರಿ, ಚಾರ್ಜರ್ ಸೇರಿದರೆ ಬೆಲೆ ಹತ್ತು ಸಾವಿರ ದಾಟಿ ಮೇಲಕ್ಕೆ ಹೋಗುತ್ತದೆ. ಅರ್ಧ ಬೆಲೆಗೆ ಸಿಗುವ ಹೆಸರಿಲ್ಲದ ಗನ್ನುಗಳ ಡಬ್ಬಿ ಮೇಲೆ ಬರೆದಿರುವ ಟಾರ್ಕನ್ನು ನಂಬಿ ಕೊಳ್ಳಬೇಡಿ. ಚಕ್ರದ ನಟ್ಟು ಬಿಚ್ಚೋಕೆ ಅವು ಸಾಕು. ಪುಲ್ಲಿ ಬೋಲ್ಟಿನ ಮುಂದೆ ಸುಮ್ನೆ ಟಕಟಕ ಅನ್ನುತ್ತಾ ನಿಲ್ಲುತ್ತವೆ.

ಏರ್ ಗನ್ ಗ್ಯಾರೇಜಿನ ರಾಜ. ಅದಕ್ಕೆ ಸುಮಾರು 90 ಪಿಎಸ್‌ಐ ಗಾಳಿ ಬೇಕು. ಮನೆಯಲ್ಲಿ ಪೆಯಿಂಟ್ ಹೊಡೆಯೋಕೆ ಇಟ್ಟಿರುವ ಚಿಕ್ಕ ಕಂಪ್ರೆಸರಿನ ಟ್ಯಾಂಕು ಕೆಲವು ಸೆಕೆಂಡಿಗೆ ಖಾಲಿಯಾಗುತ್ತದೆ, ಮತ್ತೆ ತುಂಬುವವರೆಗೆ ಕಾಯಬೇಕು. ಇದೊಂದು ಬೋಲ್ಟಿಗಾಗಿ ಕಂಪ್ರೆಸರ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಇದ್ದರೆ ಬಳಸಿ.

ಬಿಚ್ಚೋಕೆ ಗನ್ ಸರಿ. ಬಿಗಿಯೋಕೆ ಮಾತ್ರ ಬೇಡ. ಎಷ್ಟು ಬಿಗಿಯಿತು ಅಂತ ಗನ್ನು ಹೇಳುವುದಿಲ್ಲ.

ಆಯಿಲ್, ಬೆಂಕಿ, ಸ್ಟಾರ್ಟರ್

ಡಬ್ಲ್ಯೂಡಿ-40 ತರದ ಸ್ಪ್ರೇ ಬಿಟ್ಟು ಕಾಯುವುದರಿಂದ ಕೆಡುಕಿಲ್ಲ, ಬೆಲ್ಟಿಗೆ ತಾಗದ ಹಾಗೆ ನೋಡಿಕೊಂಡರೆ ಸಾಕು. ಆದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಈ ಬೋಲ್ಟಿನ ಥ್ರೆಡ್ ಪುಲ್ಲಿಯಾಚೆ ಕ್ರ್ಯಾಂಕಿನೊಳಗೆ ಆಳದಲ್ಲಿದೆ, ತಲೆಯ ಕೆಳಗೆ ವಾಷರ್ ಗಟ್ಟಿಯಾಗಿ ಕೂತಿದೆ. ಆಯಿಲ್ ಅಲ್ಲಿವರೆಗೆ ಇಳಿಯುವುದೇ ಕಷ್ಟ. ಹೊರಗಿನ ತುಕ್ಕು ಸ್ವಲ್ಪ ಸಡಿಲವಾಗುತ್ತದೆ ಅಷ್ಟೇ. ಅದಕ್ಕಿಂತ, ಬೋಲ್ಟಿನ ತಲೆ ಮೇಲೆ ಸಾಕೆಟ್ ಕೂರಿಸಿ ನೇರವಾಗಿ ಸುತ್ತಿಗೆಯಿಂದ ಒಂದೆರಡು ಹದವಾದ ಏಟು ಕೊಟ್ಟರೆ ತುಕ್ಕಿನ ಕಚ್ಚು ಬಿಡುತ್ತದೆ. ಬಲವಾಗಿ ಬಡಿಯುವ ಕೆಲಸ ಬೇಡ.

ಬೆಂಕಿ ಕೊನೆಯ ದಾರಿ. ಥ್ರೆಡ್ ಲಾಕ್ ಅಂಟು ಹಾಕಿದ್ದರೆ ಕಾಯಿಸಿದಾಗ ಅದು ಮೆತ್ತಗಾಗುವುದು ನಿಜ, ಗಟ್ಟಿ ತರದ ಅಂಟಿಗೆ 250 ಡಿಗ್ರಿ ಹತ್ತಿರ ಬೇಕು. ಆದರೆ ಅಷ್ಟು ಬಿಸಿಯಲ್ಲಿ ಹಿಂದೆಯೇ ಇರುವ ಆಯಿಲ್ ಸೀಲ್, ಪುಲ್ಲಿಯ ರಬ್ಬರ್, ಪ್ಲಾಸ್ಟಿಕ್ ಕವರ್ ಯಾವುದೂ ಉಳಿಯುವುದಿಲ್ಲ. ಸುತ್ತ ಆಯಿಲ್, ಪೆಟ್ರೋಲ್ ಜಿಡ್ಡು ಬೇರೆ. ಮನೆ ಅಂಗಳದಲ್ಲಿ ಟಾರ್ಚ್ ಹಚ್ಚುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಸ್ಟಾರ್ಟರ್ ಹೊಡೆದು ಬಿಚ್ಚುವುದು ಹಳೆ ಮೆಕ್ಯಾನಿಕ್‌ಗಳ ಕೈಚಳಕ. ರಾಡನ್ನು ನೆಲಕ್ಕೋ ಚಾಸಿಗೋ ಆನಿಸಿ, ಎಂಜಿನ್ ಸ್ಟಾರ್ಟ್ ಆಗದ ಹಾಗೆ ಮಾಡಿ, ಕೀ ಒಂದು ಕ್ಷಣ ತಿರುಗಿಸುತ್ತಾರೆ. ಬೋಲ್ಟು ಬರುವುದೂ ಉಂಟು. ಆದರೆ ರಾಡು ಜಾರಿದರೆ ರೇಡಿಯೇಟರೋ ಬ್ರೇಕ್ ಪೈಪೋ ಕಾಲೋ ಹೋಗುತ್ತದೆ. ಫ್ಯೂಸ್ ತೆಗೆಯೋಕೆ ಮರೆತು ಎಂಜಿನ್ ಹತ್ತಿಕೊಂಡರೆ ಮುಗಿಯಿತು. ಹೋಂಡಾದ ಕೆಲವು ಹಳೆಯ ಎಂಜಿನ್ನುಗಳು ಉಲ್ಟಾ ದಿಕ್ಕಿಗೆ ತಿರುಗುತ್ತವೆ, ಅವಕ್ಕೆ ಹೀಗೆ ಮಾಡಿದರೆ ಬೋಲ್ಟು ಇನ್ನೂ ಬಿಗಿಯುತ್ತದೆ. ಮನೆಯಲ್ಲಿ ಈ ದಾರಿ ಬೇಡವೇ ಬೇಡ.

ಯಾರಿಗೆ ಯಾವುದು

ಹಳೆ ಕಾರಿಗೆ ಒಮ್ಮೆ ಬೆಲ್ಟ್ ಹಾಕಿ ಮುಗಿಸುವವರಾದರೆ ಗನ್ನಿಗೆ ದುಡ್ಡು ಹಾಕಬೇಡಿ. ಎರಡು ಅಡಿ ರಾಡು, ಒಂದು ಒಳ್ಳೆಯ ಸಾಕೆಟ್, ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಹೋಲ್ಡರ್, ತುಂಡು ಪೈಪು. ಎಲ್ಲ ಸೇರಿ ಕೆಲವು ಸಾವಿರದೊಳಗೆ ಮುಗಿಯುತ್ತದೆ. ಆ ಹೋಲ್ಡರ್ ಬಿಗಿಯುವಾಗಲೂ ಬೇಕು, ಅದಕ್ಕೇ ಅದರ ದುಡ್ಡು ಎಂದೂ ದಂಡವಲ್ಲ. ಗನ್ ಕೊಂಡವರೂ ಬಿಗಿಯುವ ಹೊತ್ತಿಗೆ ಹೋಲ್ಡರ್ ಹುಡುಕಿಕೊಂಡು ಹೋಗಲೇಬೇಕು.

ಮನೆಯಲ್ಲಿ ಎರಡು ಮೂರು ಗಾಡಿ ಇದ್ದು, ಬ್ರೇಕು, ಸಸ್ಪೆನ್ಷನ್ನು ಎಲ್ಲ ನೀವೇ ನೋಡಿಕೊಳ್ಳುವವರಾದರೆ ಒಳ್ಳೆ ಬ್ಯಾಟರಿ ಗನ್ ಲಾಭವೇ. ಸ್ಕೂಟರಿನ ಬೆಲ್ಟ್ ಪುಲ್ಲಿ, ಅಂದ್ರೆ ವೇರಿಯೇಟರ್ ನಟ್ಟಿಗೂ ಆಗುತ್ತದೆ. ಅಲ್ಲಿ ಫ್ಯಾನಿನ ರೆಕ್ಕೆಗೆ ಸ್ಕ್ರೂಡ್ರೈವರ್ ಕೊಟ್ಟು ರೆಕ್ಕೆ ಮುರಿದುಕೊಳ್ಳುವವರು ಬಹಳ. ಟ್ರಾಕ್ಟರ್, ಪಂಪ್‌ಸೆಟ್ ಎಂಜಿನ್ ಇರುವ ರೈತರಿಗೆ ಮುಕ್ಕಾಲು ಇಂಚಿನ ರಾಡೂ ಸಾಕೆಟ್ಟೂ ಯಾವ ಗನ್ನಿಗಿಂತಲೂ ಹೆಚ್ಚು ವರ್ಷ ಬಾಳುತ್ತವೆ.

ಬಾಡಿಗೆ ಮನೆಯಲ್ಲಿದ್ದು ಗಟ್ಟಿ ಸಮನೆಲ ಇಲ್ಲದವರು, ಜಾಕಿಗೆ ಸ್ಟ್ಯಾಂಡ್ ಇಲ್ಲದವರು ಈ ಒಂದು ಕೆಲಸವನ್ನು ಗ್ಯಾರೇಜಿಗೆ ಕೊಡಿ. ಮಣ್ಣಿನ ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಕಾರು ನಿಲ್ಲಿಸಿ, ಅದರ ಪಕ್ಕ ಕೂತು ನಾಲ್ಕಡಿ ಪೈಪ್ ಒತ್ತುವುದು ಸಲ್ಲದು. ನಡುವಿನ ದಾರಿಯೂ ಉಂಟು. ಗ್ಯಾರೇಜಿನಲ್ಲಿ ಬೋಲ್ಟನ್ನು ಗನ್ನಿನಿಂದ ಒಮ್ಮೆ ಬಿಡಿಸಿ, ಅಲ್ಲೇ ಟಾರ್ಕು ಅಳೆದು ಬಿಗಿಯುವ ಟಾರ್ಕ್ ರೆಂಚಿನಿಂದ ಸರಿಯಾದ ಲೆಕ್ಕಕ್ಕೆ ಬಿಗಿಸಿಕೊಂಡು ಬನ್ನಿ. ತುಕ್ಕಿನ ಹಿಡಿತ ಬಿಟ್ಟಿರುವುದರಿಂದ ಆಮೇಲೆ ಮನೆಯಲ್ಲಿ ರಾಡಿಗೇ ಬರುತ್ತದೆ. ಒಂದೇ ಸಲ ಬಳಸುವ ಬೋಲ್ಟಾದರೆ ಹೊಸದೊಂದು ಅಲ್ಲಿ, ಇನ್ನೊಂದು ಮನೆಯಲ್ಲಿ ಅಂತ ಎರಡು ಬೇಕಾಗುತ್ತದೆ. ಅಂಥ ಗಾಡಿಗೆ ಈ ದಾರಿ ಲಾಭವಿಲ್ಲ.

ಟಾರ್ಕ್ ರೆಂಚ್ ಕೊಳ್ಳುವಾಗ ಅದರ ಅಳತೆ ನಿಮ್ಮ ಬೋಲ್ಟಿನ ಲೆಕ್ಕ ದಾಟಿರಬೇಕು. 210ಕ್ಕೆ ನಿಲ್ಲುವ ರೆಂಚು 245ರ ಬೋಲ್ಟಿಗೆ ಆಗುವುದಿಲ್ಲ. ಥ್ರೆಡ್ ಒರೆಸಿ, ಆಯಿಲ್ ಹಚ್ಚಬೇಕೋ ಒಣಗಿರಬೇಕೋ ಅಂತ ಮ್ಯಾನುಯಲ್ ಹೇಳಿದ ಹಾಗೇ ಮಾಡಿ. ಬಿಗಿತ ಕಡಿಮೆಯಾದರೆ ಪುಲ್ಲಿ ಅಲ್ಲಾಡುತ್ತಾ ಕೀ ಜಾಗ ಸವೆಸುತ್ತದೆ, ಕ್ರ್ಯಾಂಕಿನ ಮೂತಿಯೇ ಹಾಳಾಗುತ್ತದೆ. ಆಗ ಎಂಜಿನ್ ಇಳಿಸಬೇಕು.

ಬೋಲ್ಟಿನ ತಲೆ ಉಜ್ಜಲು ಶುರುವಾದರೆ, ಸಾಕೆಟ್ ಒಮ್ಮೆ ಜಾರಿದರೂ ಸಾಕು, ಅಲ್ಲಿಗೇ ನಿಲ್ಲಿಸಿ. ಆರು ಮೂಲೆಯಲ್ಲಿ ಸ್ವಲ್ಪ ಉಳಿದಿದ್ದರೂ ಗ್ಯಾರೇಜಿನವರು ದೊಡ್ಡ ಗನ್ನಿನಿಂದ ತೆಗೆಯುತ್ತಾರೆ. ಪೂರ್ತಿ ದುಂಡಗಾದ ಮೇಲೆ ಹೋದರೆ ತಲೆ ಮೇಲೆ ನಟ್ಟು ವೆಲ್ಡ್ ಮಾಡಬೇಕು. ಅದಕ್ಕೆ ಮೊದಲು ಬ್ಯಾಟರಿಯ ಕನೆಕ್ಷನ್ ತೆಗೆಯಬೇಕು, ಸುತ್ತಲಿನ ಕವರು, ಬೆಲ್ಟು ಎಲ್ಲ ಸರಿಸಬೇಕು. ಸಣ್ಣ ಕೆಲಸವಲ್ಲ ಅದು, ಅನುಭವ ಇರುವ ವೆಲ್ಡರ್ ಕೈಯಲ್ಲೇ ಮಾಡಿಸಿ.